ಎಳೆಗೂಸಿನ ಮನೆಯಲ್ಲಿ ರಾತ್ರಿ ಪಾಳಿ

(ದತ್ತಿ ಉಪನ್ಯಾಸದ ಲಿಖಿತ ರೂಪ)



1951ರ ಡಿಸೆಂಬರ್. ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಯೂಜಿನ್ ಅಸೆರಿನ್‌ಸ್ಕಿ ಎಂಬ ಸಂಶೋಧನಾ ವಿದ್ಯಾರ್ಥಿ ತನ್ನ ಎಂಟು ವರ್ಷದ ಮಗನನ್ನು ಪ್ರಯೋಗಾಲಯಕ್ಕೆ ಕರೆತಂದು, ತಲೆಗೂ ಕಣ್ಣಿನ ಅಂಚಿಗೂ ತಂತಿ ಅಂಟಿಸಿ ಮಲಗಿಸಿದ. ನೆಲಮಾಳಿಗೆಯಲ್ಲಿ ಧೂಳು ಹಿಡಿದು ಬಿದ್ದಿದ್ದ ಹಳೆಯ ಯಂತ್ರವೊಂದನ್ನು ಆತ ಮೇಲಕ್ಕೆ ಎಳೆದು ತಂದಿದ್ದ. ಒಂದು ರಾತ್ರಿಯ ದಾಖಲೆಗೆ ಆ ಯಂತ್ರ ಅರ್ಧ ಮೈಲಿ ಉದ್ದದ ಕಾಗದ ನುಂಗುತ್ತಿತ್ತು. ಮಗ ಮಲಗಿದ, ಅಪ್ಪ ಕಾಗದದ ಮೇಲೆ ಓಡುವ ಗೆರೆಗಳನ್ನು ನೋಡುತ್ತ ಎಚ್ಚರವಿದ್ದ. ಮಲಗಿದ್ದ ಹುಡುಗನ ಕಣ್ಣುಗುಡ್ಡೆ ರೆಪ್ಪೆಯೊಳಗೆ ಸರಸರನೆ ಓಡಾಡುವುದು ಆ ಗೆರೆಗಳಲ್ಲಿ ಕಂಡಿತು. ಕನಸಿನ ನಿದ್ದೆಯ ಗುರುತು ಸಿಕ್ಕಿದ್ದು ಹೀಗೆ. 1953ರಲ್ಲಿ ಅಸೆರಿನ್‌ಸ್ಕಿ ತನ್ನ ಗುರು ನಥಾನಿಯಲ್ ಕ್ಲೈಟ್‌ಮನ್ ಜೊತೆ ಸೇರಿ ‘ಸೈನ್ಸ್’ ಪತ್ರಿಕೆಯಲ್ಲಿ ಅದನ್ನು ಪ್ರಕಟಿಸಿದ.

ನಿದ್ದೆಯ ವಿಜ್ಞಾನ ಈ ಎಪ್ಪತ್ತು ವರ್ಷಗಳಲ್ಲಿ ಬಹಳ ಬೆಳೆದಿದೆ. ಮಲಗಿದವರ ಮಿದುಳಿನಲ್ಲಿ ಏನೇನು ನಡೆಯುತ್ತದೆ ಎಂಬುದು ಈಗ ಸಾಕಷ್ಟು ಗೊತ್ತು. ಇಂದಿನ ಉಪನ್ಯಾಸ ಮಾತ್ರ ಆ ಕೋಣೆಯಲ್ಲಿ ಕಣ್ಣು ಬಿಟ್ಟುಕೊಂಡು ಕೂತಿದ್ದ ಇನ್ನೊಬ್ಬರನ್ನು ಕುರಿತದ್ದು. ಎಳೆಮಕ್ಕಳ ತಾಯಿ ತಂದೆ ಕಳೆದುಕೊಳ್ಳುವ ನಿದ್ದೆ ಎಷ್ಟು, ಅದರಿಂದ ಏನಾಗುತ್ತದೆ, ಅದನ್ನು ನಿಭಾಯಿಸುವುದು ಹೇಗೆ? ಈ ಪ್ರಶ್ನೆಗೆ ಸಾಮಾನ್ಯವಾಗಿ ಎರಡು ಬಗೆಯ ಉತ್ತರ ಸಿಗುತ್ತದೆ: ಮಗುವಿಗೆ ಮಲಗುವುದನ್ನು ಕಲಿಸಿ ಎಂಬುದು ಒಂದು, ತಾಯಿ ಸಹಿಸಿಕೊಳ್ಳಬೇಕು ಎಂಬುದು ಇನ್ನೊಂದು. ಎರಡೂ ಉತ್ತರಗಳು ಮನೆಯ ಉಳಿದವರನ್ನು ಬಿಟ್ಟೇ ಮಾತಾಡುತ್ತವೆ. ರಾತ್ರಿಯನ್ನು ಎಷ್ಟು ಜನ ಹಂಚಿಕೊಳ್ಳುತ್ತಾರೆ ಎಂಬುದೇ ಈ ಉಪನ್ಯಾಸದ ಮುಖ್ಯ ವಿಷಯ.

ಕೂಸಿಗೆ ರಾತ್ರಿ ಗೊತ್ತಿಲ್ಲ

ಹುಟ್ಟಿದ ಕೂಸು ನಿದ್ದೆ ಮಾಡುವುದಿಲ್ಲ ಎಂಬುದು ನಿಜವಲ್ಲ. ಮೊದಲ ಮೂರು ತಿಂಗಳು ದಿನಕ್ಕೆ 14ರಿಂದ 17 ಗಂಟೆ ಮಲಗುತ್ತದೆ. ತೊಂದರೆ ಇರುವುದು ಅದು ಹರಡಿಕೊಂಡಿರುವ ರೀತಿಯಲ್ಲಿ. ಎರಡು ಮೂರು ಗಂಟೆ ನಿದ್ದೆ, ಹಸಿವು, ಹಾಲು, ತೇಗು, ಒದ್ದೆ ಬಟ್ಟೆ, ಮತ್ತೆ ನಿದ್ದೆ. ಎದೆಹಾಲು ಬೇಗ ಅರಗುತ್ತದೆ, ಹೊಟ್ಟೆ ಚಿಕ್ಕದು. ಇಪ್ಪತ್ತನಾಲ್ಕು ಗಂಟೆಗೆ ಎಂಟರಿಂದ ಹನ್ನೆರಡು ಸಲ ಹಾಲೂಡಿಸಬೇಕಾಗುತ್ತದೆ. ‘ನಮ್ಮ ಮಗು ರಾತ್ರಿಯನ್ನ ಹಗಲು ಮಾಡ್ಕೊಂಡಿದೆ’ ಎಂದು ಮನೆಮನೆಯಲ್ಲೂ ಹೇಳುತ್ತಾರೆ. ವಾಸ್ತವದಲ್ಲಿ ಕೂಸಿಗೆ ಹಗಲು ರಾತ್ರಿಯ ವ್ಯತ್ಯಾಸವೇ ಇನ್ನೂ ಮೂಡಿರುವುದಿಲ್ಲ. ಬೆಳಕು ಕತ್ತಲೆಗೆ ಹೊಂದಿಕೊಂಡು ನಡೆಯುವ ಒಳಗಡಿಯಾರ ಅದರ ಮಿದುಳಿನಲ್ಲಿ ಗಟ್ಟಿಯಾಗುವುದಕ್ಕೆ ಎರಡು ಮೂರು ತಿಂಗಳು ಬೇಕು.

ಮೂರು ತಿಂಗಳು ಕಳೆದರೆ ಎಲ್ಲ ಸರಿಹೋಗುತ್ತದೆ ಎಂಬ ಭರವಸೆಯನ್ನು ನೆಂಟರೂ ಕೊಡುತ್ತಾರೆ, ಪುಸ್ತಕಗಳೂ ಕೊಡುತ್ತವೆ. ಕೆನಡಾದಲ್ಲಿ ನಡೆದು 2018ರಲ್ಲಿ ‘ಪೀಡಿಯಾಟ್ರಿಕ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದ ಅಂಕಿ ಬೇರೆಯೇ ಇದೆ. ಆರು ತಿಂಗಳ ಶಿಶುಗಳಲ್ಲಿ ನೂರಕ್ಕೆ 38 ಒಂದೇ ಸಮನೆ ಆರು ಗಂಟೆ ಮಲಗುತ್ತಿರಲಿಲ್ಲ. ವರ್ಷ ತುಂಬಿದ ಮೇಲೂ ನೂರಕ್ಕೆ 28 ಮಕ್ಕಳು ಹಾಗೆಯೇ ಇದ್ದರು. ಎಂಟು ಗಂಟೆಯ ಅಳತೆಗೋಲು ಇಟ್ಟರೆ ವರ್ಷದ ಮಕ್ಕಳಲ್ಲಿ ನೂರಕ್ಕೆ 43 ಅದನ್ನು ಮುಟ್ಟಿರಲಿಲ್ಲ. ಈ ಮಕ್ಕಳ ಬೆಳವಣಿಗೆಯಲ್ಲಿ ಯಾವ ಕುಂದೂ ಕಾಣಲಿಲ್ಲ. ಹೀಗಿರುವಾಗ ‘ರಾತ್ರಿ ಚೆನ್ನಾಗಿ ಮಲಗುತ್ತಾ?’ ಎಂದು ಪಕ್ಕದ ಮನೆಯವರು ಕೇಳಿದಾಗ ಇಲ್ಲವೆನ್ನುವ ತಾಯಿ ತಲೆ ತಗ್ಗಿಸಬೇಕಾದ್ದಿಲ್ಲ.

ಒಡೆದ ನಿದ್ದೆಯ ಲೆಕ್ಕ

ಇನ್ನು ದೊಡ್ಡವರ ಕಡೆಗೆ. ಅಮೆರಿಕದ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಹೆರಿಗೆಯಾದ ಮೊದಲ ನಾಲ್ಕು ತಿಂಗಳು ತಾಯಂದಿರ ನಿದ್ದೆಯನ್ನು ಅಳೆದು 2010ರಲ್ಲಿ ಫಲಿತಾಂಶ ಪ್ರಕಟಿಸಿದರು. ಸರಾಸರಿ ರಾತ್ರಿಗೆ 7.2 ಗಂಟೆ! ಕೇಳಿದವರು ‘ಅಷ್ಟು ಸಾಲದೇ?’ ಎಂದಾರು. ಆದರೆ ಆ ಏಳು ಗಂಟೆ ಚೂರುಚೂರಾಗಿತ್ತು. ದೊಡ್ಡವರ ನಿದ್ದೆ ಸುಮಾರು ಒಂದೂವರೆ ಗಂಟೆಯ ಸುತ್ತುಗಳಲ್ಲಿ ಸಾಗುತ್ತದೆ. ಹಗುರ ನಿದ್ದೆಯಿಂದ ಗಾಢ ನಿದ್ದೆಗೆ, ಅಲ್ಲಿಂದ ಕನಸಿನ ನಿದ್ದೆಗೆ. ಸುತ್ತು ಮುಗಿಯುವ ಮೊದಲೇ ಎಬ್ಬಿಸಿದರೆ ಬಿಟ್ಟ ಜಾಗದಿಂದ ಮುಂದುವರಿಯುವುದಿಲ್ಲ, ಮತ್ತೆ ಮೊದಲಿನಿಂದ ಶುರುವಾಗಬೇಕು.

ಟೆಲ್ ಅವೀವ್ ವಿಶ್ವವಿದ್ಯಾಲಯದ ಅವಿ ಸಾದೆ ಮತ್ತು ಸಂಗಡಿಗರು ಇದನ್ನು ವಿದ್ಯಾರ್ಥಿಗಳ ಮೇಲೆ ಪರೀಕ್ಷಿಸಿದರು. ಒಂದು ಗುಂಪಿಗೆ ನಾಲ್ಕೇ ಗಂಟೆ ಮಲಗಲು ಬಿಟ್ಟರು. ಇನ್ನೊಂದು ಗುಂಪು ಎಂಟು ಗಂಟೆ ಹಾಸಿಗೆಯಲ್ಲಿತ್ತು, ಆದರೆ ನಾಲ್ಕು ಸಲ ಫೋನ್ ಮಾಡಿ ಎಬ್ಬಿಸಿ, ಪ್ರತಿ ಸಲವೂ ಹತ್ತು ಹದಿನೈದು ನಿಮಿಷದ ಕೆಲಸ ಕೊಟ್ಟರು. ಕೂಸು ಮಾಡುವುದೂ ಇಷ್ಟೇ. ಬೆಳಗ್ಗೆ ನೋಡಿದರೆ ಗಮನದಲ್ಲೂ ಮನಃಸ್ಥಿತಿಯಲ್ಲೂ ಎರಡೂ ಗುಂಪುಗಳಿಗೆ ಆಗಿದ್ದ ಪೆಟ್ಟು ಹೆಚ್ಚುಕಡಿಮೆ ಒಂದೇ. 2014ರಲ್ಲಿ ಪ್ರಕಟವಾದ ಈ ಪ್ರಯೋಗ ಒಂದೇ ರಾತ್ರಿಯದ್ದು. ಮಗುವಿರುವ ಮನೆಯಲ್ಲಿ ಅದು ತಿಂಗಳುಗಟ್ಟಲೆ ನಡೆಯುತ್ತದೆ.

ತಿಂಗಳುಗಟ್ಟಲೆ ನಡೆದರೆ ಏನಾದೀತು ಎಂಬುದಕ್ಕೆ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ 2003ರ ಪ್ರಯೋಗದಲ್ಲಿ ಸುಳಿವಿದೆ. 48 ಆರೋಗ್ಯವಂತರನ್ನು ಗುಂಪು ಮಾಡಿ, ಎರಡು ವಾರ ಕೆಲವರಿಗೆ ಎಂಟು ಗಂಟೆ, ಕೆಲವರಿಗೆ ಆರು, ಕೆಲವರಿಗೆ ನಾಲ್ಕು ಗಂಟೆ ನಿದ್ದೆ ಕೊಟ್ಟರು. ಆರು ಗಂಟೆಯವರ ಚುರುಕು ಎರಡು ವಾರದ ಕೊನೆಗೆ ಇಡೀ ರಾತ್ರಿ ಜಾಗರಣೆ ಮಾಡಿದವರ ಮಟ್ಟಕ್ಕೆ ಇಳಿದಿತ್ತು. ಅದಕ್ಕಿಂತ ಕಳವಳದ ಸಂಗತಿ ಇನ್ನೊಂದಿದೆ. ಸಾಮರ್ಥ್ಯ ದಿನದಿನಕ್ಕೂ ಕುಸಿಯುತ್ತಿದ್ದರೂ, ತಮಗೆ ಅಷ್ಟೇನೂ ನಿದ್ದೆ ಬರುತ್ತಿಲ್ಲ ಎಂದೇ ಅವರು ಹೇಳುತ್ತಿದ್ದರು. ನಿದ್ದೆಗೆಟ್ಟವರಿಗೆ ತಾವು ನಿದ್ದೆಗೆಟ್ಟಿರುವುದು ಪೂರ್ತಿ ತಿಳಿಯುವುದಿಲ್ಲ. ‘ಅಭ್ಯಾಸ ಆಗಿಹೋಗಿದೆ ಬಿಡಿ’ ಎನ್ನುವ ಅಪ್ಪ ಅಮ್ಮಂದಿರ ಮಾತನ್ನು ಅಲ್ಲಿಗೇ ನಂಬುವಂತಿಲ್ಲ.

ಇದರ ಬೆಲೆ ರಸ್ತೆಯಲ್ಲಿ ಗೊತ್ತಾಗುತ್ತದೆ. ಹದಿನೇಳು ಹದಿನೆಂಟು ಗಂಟೆ ಸತತ ಎಚ್ಚರವಿದ್ದವರ ಕೈ-ಕಣ್ಣಿನ ಹೊಂದಾಣಿಕೆ, ರಕ್ತದಲ್ಲಿ ಶೇ 0.05ರಷ್ಟು ಮದ್ಯಸಾರ ಇರುವವರಿಗೆ ಸಮ ಎಂದು ಆಸ್ಟ್ರೇಲಿಯಾದ ಸಂಶೋಧಕರು 2000ದಲ್ಲಿ ತೋರಿಸಿದರು. ನಮ್ಮ ಮೋಟಾರು ವಾಹನ ಕಾಯ್ದೆಯ 185ನೇ ಕಲಮು ಶೇ 0.03 ಮೀರಿದರೇ ಅಪರಾಧ ಎನ್ನುತ್ತದೆ. ಕುಡಿದವನನ್ನು ಪೊಲೀಸರು ಊದಿಸಿ ಹಿಡಿಯಬಲ್ಲರು. ರಾತ್ರಿ ನಾಲ್ಕು ಸಲ ಎದ್ದು, ಬೆಳಗ್ಗೆ ಬೈಕಿನಲ್ಲಿ ಹೆಬ್ಬಾಳದ ಫ್ಲೈಓವರ್ ಹತ್ತುವ ಅಪ್ಪನನ್ನು ಹಿಡಿಯುವ ಯಂತ್ರ ಯಾವ ಠಾಣೆಯಲ್ಲೂ ಇಲ್ಲ.

ಎಷ್ಟು ಕಾಲ ಇದು? ಜರ್ಮನಿಯಲ್ಲಿ 2008ರಿಂದ 2015ರವರೆಗೆ ಸಂದರ್ಶಿಸಿದ ನಾಲ್ಕು ಸಾವಿರಕ್ಕೂ ಹೆಚ್ಚು ತಾಯಿ ತಂದೆಯರ ಮಾಹಿತಿಯಲ್ಲಿ ಉತ್ತರವಿದೆ. ಹೆರಿಗೆಯ ನಂತರದ ಮೂರು ತಿಂಗಳಲ್ಲಿ ತಾಯಂದಿರು ರಾತ್ರಿಗೆ ಸುಮಾರು ಒಂದು ಗಂಟೆ ನಿದ್ದೆ ಕಳೆದುಕೊಂಡರೆ, ತಂದೆಯರು ಕಳೆದುಕೊಂಡದ್ದು ಹದಿನೈದು ನಿಮಿಷ. ಮಗುವಿಗೆ ನಾಲ್ಕರಿಂದ ಆರು ವರ್ಷವಾದಾಗಲೂ ತಾಯಿಯ ನಿದ್ದೆಯಲ್ಲಿ ಇಪ್ಪತ್ತು ನಿಮಿಷ, ತಂದೆಯ ನಿದ್ದೆಯಲ್ಲಿ ಹದಿನೈದು ನಿಮಿಷ ಕೊರತೆ ಉಳಿದಿತ್ತು. ಮೊದಲ ಮೂರು ತಿಂಗಳ ಆ ಅಂತರವನ್ನು ಗಮನಿಸಬೇಕು. ಹಾಲೂಡಿಸುವುದು ತಾಯಿಯೇ ಎಂಬುದು ಅದಕ್ಕೆ ಒಂದು ಕಾರಣ. ಉಳಿದದ್ದಕ್ಕೆ ಕಾರಣ ಮನೆಯ ಏರ್ಪಾಟು.

ಮಲಗಿಸುವ ಮದ್ದುಗಳು

ಏರ್ಪಾಟು ಇಲ್ಲದ ಕಡೆ ಜನ ಮದ್ದು ಹುಡುಕಿದರು. ಹತ್ತೊಂಬತ್ತನೇ ಶತಮಾನದ ಅಮೆರಿಕದಲ್ಲಿ ‘ಮಿಸೆಸ್ ವಿನ್‌ಸ್ಲೋಸ್ ಸೂಥಿಂಗ್ ಸಿರಪ್’ ಎಂಬ ಶಿಶು ಔಷಧ ಮನೆಮಾತಾಗಿತ್ತು. ಅದರಲ್ಲಿದ್ದದ್ದು ಮಾರ್ಫಿನ್. ಎಷ್ಟೋ ಕೂಸುಗಳು ಮಲಗಿದವು ಏಳಲಿಲ್ಲ. 1906ರ ಆಹಾರ ಮತ್ತು ಔಷಧ ಕಾಯ್ದೆ ಸೀಸೆಯ ಮೇಲೆ ಮಾರ್ಫಿನ್ ಹೆಸರು ಬರೆಯಲೇಬೇಕೆಂದು ಕಟ್ಟು ಮಾಡಿದ ಮೇಲೆ ಜನರ ಕಣ್ಣು ತೆರೆಯಿತು.

ನಮ್ಮಲ್ಲೂ ಇತ್ತು. ಮುಂಬಯಿಯ ಬಟ್ಟೆ ಗಿರಣಿಗಳಿಗೆ ದುಡಿಯಲು ಹೋಗುವ ತಾಯಂದಿರು ಕೂಸಿಗೆ ‘ಬಾಲಗೋಳಿ’ ಎಂಬ ಅಫೀಮಿನ ಗುಳಿಗೆ ನುಂಗಿಸುತ್ತಿದ್ದರು. ಹತ್ತು ಗಂಟೆಯ ದುಡಿತ, ಕೂಸನ್ನು ನೋಡಿಕೊಳ್ಳುವವರಿಲ್ಲ, ಮನೆಗೆ ಬಂದ ಮೇಲೆ ಒಲೆ. ಅದು ಮಲಗದಿದ್ದರೆ ಕೂಲಿಯೇ ಇಲ್ಲ. ಕಾರ್ಮಿಕರ ಸ್ಥಿತಿ ಕುರಿತ, ವಿಟ್ಲಿ ಅಧ್ಯಕ್ಷತೆಯ ರಾಯಲ್ ಕಮಿಷನ್ 1931ರ ತನ್ನ ವರದಿಯಲ್ಲಿ ಇದನ್ನು ದಾಖಲಿಸಿತು. ತಾಯಂದಿರನ್ನು ಬೈದು ಸುಮ್ಮನಾಗದೆ, ಕಾರ್ಖಾನೆಗಳಲ್ಲಿ ಶಿಶುವಿಹಾರ ಬೇಕೆಂದು ಶಿಫಾರಸು ಮಾಡಿತು. ಸ್ವಾತಂತ್ರ್ಯಾನಂತರದ 1948ರ ಕಾರ್ಖಾನೆ ಕಾಯ್ದೆಯಲ್ಲಿ ಐವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವಲ್ಲಿ ಶಿಶುವಿಹಾರ ಕಡ್ಡಾಯವಾಯಿತು, 1976ರಲ್ಲಿ ಆ ಸಂಖ್ಯೆಯನ್ನು ಮೂವತ್ತಕ್ಕೆ ಇಳಿಸಿದರು. ಬೆಂಗಳೂರಿನ ಪೀಣ್ಯದ, ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗಳಲ್ಲಿ ತೊಟ್ಟಿಲ ಕೋಣೆ ಇರಬೇಕೆಂಬ ನಿಯಮದ ಹಿಂದೆ ಅಫೀಮು ನುಂಗಿದ ಆ ಕೂಸುಗಳಿವೆ.

ಗುಳಿಗೆ ಹೋಯಿತು, ಚಾಳಿ ಪೂರ್ತಿ ಹೋಗಿಲ್ಲ. 1851ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ವುಡ್‌ವರ್ಡ್ಸ್ ಗ್ರೈಪ್ ವಾಟರ್‌ನ ಮೂಲ ಪಾಕದಲ್ಲಿ ಮದ್ಯಸಾರ ಇತ್ತು. ಈಗ ಅದನ್ನು ತೆಗೆದಿದ್ದಾರೆ. ಶೀತದ ಸಿರಪ್ ಒಂದು ಚಮಚ ಹಾಕಿದರೆ ಮಗು ರಾತ್ರಿ ಪೂರ್ತಿ ಮಲಗುತ್ತದೆ ಎಂಬ ಗುಟ್ಟನ್ನು ಇವತ್ತಿಗೂ ಒಬ್ಬರಿಗೊಬ್ಬರು ಹೇಳಿಕೊಡುತ್ತಾರೆ. ಶೀತದ ಸಿರಪ್‌ಗಳಲ್ಲಿ ಬಳಸುವ ಕ್ಲೋರ್‌ಫೆನಿರಮೈನ್ ಮತ್ತು ಫಿನೈಲ್‌ಎಫ್ರಿನ್ ಬೆರಕೆಯನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಸೀಸೆಯ ಮೇಲೆ ಎಚ್ಚರಿಕೆ ಮುದ್ರಿಸಲು ಭಾರತದ ಔಷಧ ನಿಯಂತ್ರಕರು 2023ರ ಡಿಸೆಂಬರ್‌ನಲ್ಲಿ ಸೂಚಿಸಿದರು.

ಬಾಣಂತನ ಎಂಬ ಏರ್ಪಾಟು

ಮದ್ದಿಗಿಂತ ಒಳ್ಳೆಯ ದಾರಿಯೊಂದು ಕನ್ನಡ ನಾಡಿನ ಮನೆಗಳಲ್ಲಿ ಬಹುಕಾಲದಿಂದ ಇದೆ. ಅದೇ ಬಾಣಂತನ.

ಬೆಳಕು ಹರಿಯುವ ಹೊತ್ತಿಗೆ ಹಂಡೆಗೆ ಉರಿ ಹಾಕುತ್ತಾರೆ. ಎರೆಯುವ ಅಜ್ಜಿ ಬಚ್ಚಲಲ್ಲಿ ಮಣೆ ಹಾಕಿಕೊಂಡು ಕೂತು, ಎರಡೂ ಕಾಲು ನೀಡಿ, ಕೂಸನ್ನು ಕಾಲುಗಳ ಮೇಲೆ ಉದ್ದುದ್ದ ಮಲಗಿಸಿಕೊಳ್ಳುತ್ತಾಳೆ. ಎಣ್ಣೆ ನೀವಿ, ಕಡಲೆಹಿಟ್ಟು ತಿಕ್ಕಿ, ಹಣೆಗೆ ಅಂಗೈ ಅಡ್ಡ ಹಿಡಿದು ಕಣ್ಣಿಗೆ ನೀರಿಳಿಯದಂತೆ ಚೊಂಬಿನಿಂದ ಹೊಯ್ಯುತ್ತಾಳೆ. ಮೊದಲು ಕಿರುಚಿ ಕೆಂಪಾದ ಕೂಸು ನಾಲ್ಕು ಚೊಂಬು ಬೀಳುವಷ್ಟರಲ್ಲಿ ಸಡಿಲಾಗುತ್ತದೆ. ಮೈ ಒರೆಸಿ, ಹಳೆಯ ಪಂಚೆಯಲ್ಲಿ ಸುತ್ತಿ, ಹಾಲು ಕುಡಿಸಿ ತೊಟ್ಟಿಲಿಗೆ ಹಾಕಿದರೆ ಎರಡು ಮೂರು ಗಂಟೆ ಮಿಸುಕುವುದಿಲ್ಲ. ಅಷ್ಟರಲ್ಲಿ ಬಾಣಂತಿಗೂ ನೀರು ಹಾಕಿ, ಮೆಣಸಿನ ಸಾರು, ತುಪ್ಪದ ಅನ್ನ ಉಣ್ಣಿಸಿ, ಕಿವಿ ಮುಚ್ಚುವಂತೆ ಬಟ್ಟೆ ಕಟ್ಟಿ ಮಲಗಿಸುತ್ತಾರೆ. ಬಾಣಂತಿ ಹಗಲು ಮಲಗಬಾರದೆನ್ನುವ ಮನೆಗಳೂ ಉಂಟು. ಅಂಥಲ್ಲೂ ಅವಳ ಕೈಗೆ ಪಾತ್ರೆ ಪರಡಿ ಬರುವುದಿಲ್ಲ.

ಸಾಂಬ್ರಾಣಿ ಹೊಗೆ ಕೂಸಿನ ಎದೆಗೆ ಒಳ್ಳೆಯದಲ್ಲ, ಸಾಸಿವೆ ದಿಂಬು ಬೇಡ, ಕೂಸು ಅಂಗಾತವೇ ಮಲಗಬೇಕು ಎಂದು ಇಂದಿನ ಮಕ್ಕಳ ವೈದ್ಯರು ಹೇಳುತ್ತಾರೆ. ಅಂಗಾತ ಮಲಗಿಸುವ ಸಲಹೆಯನ್ನು ಅಮೆರಿಕದ ಮಕ್ಕಳ ವೈದ್ಯರ ಸಂಘ 1992ರಲ್ಲಿ ಕೊಟ್ಟ ಮೇಲೆ, ಅಲ್ಲಿ ನಿದ್ದೆಯಲ್ಲೇ ಕೂಸು ಸಾಯುವ ಪ್ರಕರಣಗಳು ಸುಮಾರು ಅರ್ಧಕ್ಕೆ ಇಳಿದವು. ಇಂಥ ವಿವರಗಳನ್ನು ತಿದ್ದಿಕೊಳ್ಳಬಹುದು. ಆದರೆ ಏರ್ಪಾಟಿನ ತಿರುಳು, ಅಂದರೆ ಒಂದು ಕೂಸಿಗೆ ಎಚ್ಚರವಿರಲು ಇಬ್ಬರು ಮೂವರು ದೊಡ್ಡವರು ಇರುವುದು, ಮನುಷ್ಯಕುಲದಷ್ಟೇ ಹಳೆಯದು.

ಟಾಂಜಾನಿಯಾದ ಹಾಡ್ಜಾ ಜನ ಬೇಟೆಯಾಡಿ, ಗೆಡ್ಡೆ ಗೆಣಸು ಅಗೆದು ಬದುಕುವವರು. ಡೇವಿಡ್ ಸ್ಯಾಮ್ಸನ್ ಮತ್ತು ಸಂಗಡಿಗರು ಅವರಲ್ಲಿ 33 ಜನ ವಯಸ್ಕರ ಕೈಗೆ ಚಲನೆ ಅಳೆಯುವ ಗಡಿಯಾರ ಕಟ್ಟಿ 20 ದಿನ ನಿದ್ದೆ ದಾಖಲಿಸಿದರು. ಇಪ್ಪತ್ತು ದಿನಗಳನ್ನೂ ಒಟ್ಟು ಸೇರಿಸಿದರೆ, ಮೂವತ್ತಮೂರು ಜನರೂ ಒಂದೇ ಹೊತ್ತಿಗೆ ಮಲಗಿದ್ದ ಸಮಯ 18 ನಿಮಿಷ ಮಾತ್ರ! ಉಳಿದ ಯಾವ ಗಳಿಗೆಯಲ್ಲಿ ನೋಡಿದರೂ ಯಾರೋ ಒಬ್ಬರು ಎಚ್ಚರ. ಕಾವಲಿಗೆಂದು ಯಾರನ್ನೂ ನೇಮಿಸಿರಲಿಲ್ಲ. ಹರೆಯದವರು ತಡವಾಗಿ ಮಲಗುತ್ತಾರೆ, ವಯಸ್ಸಾದವರು ಬೇಗ ಏಳುತ್ತಾರೆ, ಅಷ್ಟರಿಂದಲೇ ರಾತ್ರಿ ತುಂಬಿಕೊಂಡಿತ್ತು. ಮುಪ್ಪಿನಲ್ಲಿ ನಿದ್ದೆ ಕಮ್ಮಿಯಾಗುವುದು ರೋಗವಲ್ಲ, ಗುಂಪಿನ ಉಳಿವಿಗೆ ಒದಗಿಬಂದ ಗುಣವಿರಬಹುದು ಎಂದು 2017ರಲ್ಲಿ ಅವರು ವಾದ ಮಂಡಿಸಿದರು. ನಸುಕಿನ ನಾಲ್ಕಕ್ಕೇ ಎಚ್ಚರವಾಗಿ ‘ಕೊಡಮ್ಮ ಇಲ್ಲಿ, ನೀನು ಒಂಚೂರು ಮಲಗು’ ಎಂದು ಕೂಸನ್ನು ಎತ್ತಿಕೊಳ್ಳುವ ಅಜ್ಜಿ ಆ ವಾದಕ್ಕೆ ಒಪ್ಪುವ ಸಾಕ್ಷಿ.

ತೆಲುಗು ನಾಡಿನ ಹೆಂಗಸರ ರಾಮಾಯಣದ ಹಾಡುಗಳಲ್ಲಿ ಊರ್ಮಿಳೆಯ ನಿದ್ದೆಯ ಪ್ರಸಂಗ ಬರುತ್ತದೆ. ವನವಾಸದ ಹದಿನಾಲ್ಕು ವರ್ಷ ಲಕ್ಷ್ಮಣ ಕಣ್ಣು ಮುಚ್ಚದೆ ಕಾಯಬೇಕು. ಅವನ ಪಾಲಿನ ನಿದ್ದೆಯನ್ನು ಅರಮನೆಯಲ್ಲಿ ಊರ್ಮಿಳೆ ಮಲಗಿ ತೀರಿಸುತ್ತಾಳೆ. ಒಬ್ಬರ ಎಚ್ಚರಕ್ಕೆ ಇನ್ನೊಬ್ಬರ ನಿದ್ದೆಯಿಂದ ಲೆಕ್ಕ ಹೊಂದಿಸಬೇಕೆಂಬುದು ಆ ಹೆಂಗಸರಿಗೆ ಹೊಳೆದಿತ್ತು. ಹೊಲಮನೆಯ ಕೆಲಸದ ನಡುವೆ ರಾತ್ರಿ ಕೂಸು ತೂಗಿದವರಿಗೆ ಹೊಳೆಯದೆ ಇನ್ನಾರಿಗೆ ಹೊಳೆದೀತು?

ಹಾಗೆಂದು ಬಾಣಂತನವನ್ನು ಹೊಗಳಿ ಕೈ ತೊಳೆದುಕೊಳ್ಳುವಂತಿಲ್ಲ. ಕೂಲಿಯ ಹೆಂಗಸಿಗೆ ಮೂರು ತಿಂಗಳ ತವರು ಎಲ್ಲಿಂದ ಬರಬೇಕು? ಇರುವವರಿಗೂ ಅದು ಮೂರನೆಯ ಅಥವಾ ಐದನೆಯ ತಿಂಗಳಿಗೆ ಮುಗಿಯುತ್ತದೆ. ತವರಿನಲ್ಲಿ ಬಾಣಂತನವೆಂದರೆ ಮಗುವಿನ ಅಪ್ಪ ವಾರಕ್ಕೋ ಹದಿನೈದು ದಿನಕ್ಕೋ ಬಂದು ನೋಡಿ ಹೋಗುವ ನೆಂಟ. ಕೂಸನ್ನು ಎತ್ತುವುದು, ತೇಗು ತೆಗೆಸುವುದು, ಅಳುವಿನ ಬಗೆ ತಿಳಿಯುವುದು, ಇವೆಲ್ಲ ಅವನ ಕೈಗೆ ಹತ್ತುವುದೇ ಇಲ್ಲ. ತಾಯಿ ಮಗು ಗಂಡನ ಮನೆಗೆ ಬಂದ ದಿನ ಅಜ್ಜಿ, ಚಿಕ್ಕಮ್ಮ, ಅತ್ತಿಗೆಯರ ಕೈಗಳು ಒಟ್ಟಿಗೇ ಇಲ್ಲವಾಗುತ್ತವೆ, ಆ ಜಾಗಕ್ಕೆ ಬರುವ ಒಂದೇ ಜೊತೆ ಕೈಗೆ ಕೆಲಸ ಬರುವುದಿಲ್ಲ. ಸಾಗರದಾಚೆಯ ಕನ್ನಡಿಗರದ್ದು ಇದೇ ಕತೆಯ ಇನ್ನೊಂದು ರೂಪ. ಮೆಣಸಿನ ಪುಡಿ, ಕೊಬ್ಬರಿ ಎಣ್ಣೆ, ಅಂಟಿನುಂಡೆ ಕಟ್ಟಿಕೊಂಡು ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗುವ ಅಮ್ಮನಿಗೆ ಸಂದರ್ಶಕರ ವೀಸಾದ ಮೇಲೆ ಸಾಮಾನ್ಯವಾಗಿ ಆರು ತಿಂಗಳು ಇರಲು ಬಿಡುತ್ತಾರೆ. ಮಗಳ ಅಮ್ಮ ಹಿಂತಿರುಗುವಾಗ ಅಳಿಯನ ಅಮ್ಮ ವಿಮಾನ ಹತ್ತುತ್ತಾರೆ.

ಇಬ್ಬರೇ ಇರುವ ಮನೆ

ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ ಇದ್ದರೆ ಮಾಡುವುದೇನು? ಇಬ್ಬರೂ ಎದ್ದು ಕೂರುವುದು ಒಲವಿನ ಗುರುತಾಗಿರಬಹುದು, ಆದರೆ ನಷ್ಟದ ಬಾಬತ್ತು. ಒಬ್ಬರಾದರೂ ನಾಲ್ಕು ಗಂಟೆ ಒಂದೇ ಸಮನೆ ಮಲಗುವಂತೆ ರಾತ್ರಿಯನ್ನು ಎರಡು ಪಾಳಿ ಮಾಡುವುದು ಮೊದಲ ಹೆಜ್ಜೆ. ಪ್ರತಿದಿನ ಒಂದೇ ಹೊತ್ತಿಗೆ ನಾಲ್ಕು ಗಂಟೆ ನಿದ್ದೆ ಖಾತ್ರಿಯಾದರೆ, ಉಳಿದ ನಿದ್ದೆ ಹೆಚ್ಚು ಕಡಿಮೆಯಾದರೂ ದೇಹದ ಗಡಿಯಾರ ದಿಕ್ಕು ತಪ್ಪುವುದಿಲ್ಲ ಎಂಬುದನ್ನು ಬ್ರಿಟನ್ನಿನ ಮೈನರ್ಸ್ ಮತ್ತು ವಾಟರ್‌ಹೌಸ್ 1980ರ ದಶಕದ ಆರಂಭದಲ್ಲೇ ತೋರಿಸಿದ್ದರು. ಅವರ ಆಸಕ್ತಿ ಇದ್ದದ್ದು ಪಾಳಿ ಕೆಲಸಗಾರರಲ್ಲಿ. ಎಳೆಗೂಸಿನ ತಾಯಿ ತಂದೆಯೂ ಪಾಳಿ ಕೆಲಸಗಾರರೇ.

ಲೆಕ್ಕ ಹೀಗೆ: ರಾತ್ರಿ ಒಂಬತ್ತಕ್ಕೆ ತಾಯಿ ಹಾಲೂಡಿಸಿ ಬೇರೆ ಕೋಣೆಯಲ್ಲಿ ಮಲಗುತ್ತಾಳೆ. ಒಂದೂವರೆಯವರೆಗೆ ಕೂಸು ಅಪ್ಪನ ಸುಪರ್ದು. ಆಮೇಲೆ ಅಪ್ಪನ ನಿದ್ದೆ, ಅಮ್ಮನ ಪಾಳಿ. ನಡುವೆ ಬೇಕಾಗುವ ಹಾಲನ್ನು ಮೊದಲೇ ಹಿಂಡಿಟ್ಟುಕೊಳ್ಳಬಹುದು. 25 ಡಿಗ್ರಿಯೊಳಗಿನ ಕೋಣೆಯಲ್ಲಿ ಅದು ನಾಲ್ಕು ಗಂಟೆ, ಫ್ರಿಜ್ಜಿನಲ್ಲಿ ನಾಲ್ಕು ದಿನ ಕೆಡುವುದಿಲ್ಲ. ರಾಯಚೂರು, ಕಲಬುರಗಿಯ ಬೇಸಿಗೆಗೆ ಫ್ರಿಜ್ಜೇ ಗತಿ. ಹಾಲು ಊರಿಸುವ ಪ್ರೊಲ್ಯಾಕ್ಟಿನ್ ರಾತ್ರಿ ಹೊತ್ತು ಹೆಚ್ಚಿರುವುದರಿಂದ ಮೊದಲ ವಾರಗಳಲ್ಲಿ ರಾತ್ರಿಯ ಹಾಲೂಡಿಕೆಯನ್ನು ತಪ್ಪಿಸುವುದು ಸರಿಯಲ್ಲ. ಆಗ ಅಪ್ಪ ಕೂಸನ್ನು ತಂದು ಎದೆಗೆ ಕೊಟ್ಟು, ಕುಡಿದಾದ ಮೇಲೆ ಎತ್ತಿಕೊಂಡು ಹೋಗಿ ತೇಗಿಸಿ, ಬಟ್ಟೆ ಬದಲಿಸಿ, ಮಲಗಿಸಿದರೂ ತಾಯಿಗೆ ಪ್ರತಿ ಸಲ ಅರ್ಧ ಗಂಟೆ ಉಳಿಯುತ್ತದೆ.

ಮಲಗಿಸುವುದು ಹೇಗೆ ಎಂಬುದಕ್ಕೂ ಈಗ ಪ್ರಯೋಗದ ಆಧಾರವಿದೆ. ಜಪಾನಿನ ರಿಕೆನ್ ಸಂಸ್ಥೆಯ ಕುಮಿ ಕುರೊಡಾ ತಂಡ 2022ರಲ್ಲಿ 21 ಶಿಶುಗಳ ಎದೆಬಡಿತ ಅಳೆದು ನೋಡಿತು. ಅಳುವ ಕೂಸನ್ನು ಎತ್ತಿಕೊಂಡು, ತಟಕ್ಕನೆ ನಿಲ್ಲದೆ ತಿರುಗದೆ, ಐದು ನಿಮಿಷ ಒಂದೇ ಹದದಲ್ಲಿ ನಡೆದಾಡಿದರೆ ಅಳು ನಿಲ್ಲುತ್ತದೆ, ಹಲವು ಕೂಸುಗಳು ಮಲಗಿಯೂ ಬಿಡುತ್ತವೆ. ಮಲಗಿತೆಂದು ಕೂಡಲೇ ಹಾಸಿಗೆಗೆ ಹಾಕಿದರೆ ಎದೆಬಡಿತ ಏರಿ ಎಚ್ಚರವಾಗುತ್ತದೆ. ಎತ್ತಿಕೊಂಡೇ ಐದರಿಂದ ಎಂಟು ನಿಮಿಷ ಕೂತು, ಆಮೇಲೆ ಇಳಿಸಿದರೆ ನಿದ್ದೆ ಮುಂದುವರಿಯುವ ಸಾಧ್ಯತೆ ಹೆಚ್ಚು. ಕೂರುವಾಗ ಒಂದು ಎಚ್ಚರಿಕೆ: ಸೋಫಾದಲ್ಲಿ ಕೂಸನ್ನು ಎದೆಯ ಮೇಲೆ ಹಾಕಿಕೊಂಡು ಜೊಂಪು ಹತ್ತಿಸಿಕೊಳ್ಳುವುದು ಅತ್ಯಂತ ಅಪಾಯದ ಭಂಗಿ. ಸಂದಿಗೆ ಜಾರಿದ ಕೂಸು ಉಸಿರುಗಟ್ಟುತ್ತದೆ. ಕಣ್ಣು ಎಳೆಯುತ್ತಿದ್ದರೆ ಪಾಳಿ ಬದಲಾಯಿಸಬೇಕು.

ಫಿಲ್ಟರ್ ಕಾಫಿಯ ಆಸರೆ ಎಲ್ಲರಿಗೂ ಗೊತ್ತು. ಎಚ್ಚರವಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೋಸಿನ್ ಎಂಬ ವಸ್ತು ಕೂಡುತ್ತ ಹೋಗಿ ನಿದ್ದೆ ಒತ್ತರಿಸುತ್ತದೆ. ಕಾಫಿ ಆ ಸಂದೇಶವನ್ನು ತಡೆಯುತ್ತದೆಯೇ ಹೊರತು ನಿದ್ದೆಯ ಬಾಕಿಯನ್ನು ತೀರಿಸುವುದಿಲ್ಲ. ಕುಡಿದ ಕೆಫೀನಿನಲ್ಲಿ ಅರ್ಧ ಕರಗಲು ದೊಡ್ಡವರ ದೇಹಕ್ಕೆ ಸುಮಾರು ಐದು ಗಂಟೆ ಬೇಕು. ಸಂಜೆ ಐದರ ಲೋಟ ರಾತ್ರಿ ಹತ್ತಕ್ಕೂ ಅರ್ಧ ಉಳಿದಿರುತ್ತದೆ. ಎದೆಹಾಲಿನ ಮೂಲಕ ನವಜಾತ ಶಿಶುವಿಗೆ ಸ್ವಲ್ಪ ಹೋದರೂ ಅದರ ಮೈಯಿಂದ ಅರ್ಧ ಇಳಿಯಲು ಮೂರು ದಿನಕ್ಕೂ ಹೆಚ್ಚು ಬೇಕಾಗಬಹುದು. ಬೆಳಗಿನ ಕಾಫಿಗೆ ಅಡ್ಡಿಯಿಲ್ಲ, ಮಧ್ಯಾಹ್ನದ ನಂತರದ್ದನ್ನು ಬಿಡುವುದು ಲೇಸು.

‘ಮಗು ಮಲಗಿದಾಗ ನೀನೂ ಮಲಗು’ ಎಂಬ ಸಲಹೆ ಹಳೆಯದು. ಪಾತ್ರೆ ಯಾರು ತೊಳೆಯಬೇಕು ಎಂಬುದನ್ನು ಮಾತ್ರ ಅದು ಹೇಳುವುದಿಲ್ಲ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಮನೆಯವರ ಆರೈಕೆಯಲ್ಲಿ ತೊಡಗುವ 15ರಿಂದ 59 ವಯಸ್ಸಿನ ಹೆಂಗಸರು ಅದಕ್ಕೆ ದಿನಕ್ಕೆ 140 ನಿಮಿಷ ಕೊಡುತ್ತಾರೆ, ಗಂಡಸರು 74 ನಿಮಿಷ. ಅಡುಗೆ, ಕಸ, ಮುಸುರೆ ಇದರಲ್ಲಿ ಸೇರಿಲ್ಲ. ಇಪ್ಪತ್ತೈದು ನಿಮಿಷದಷ್ಟು ಮಲಗೆದ್ದರೂ ಚುರುಕು ಹೆಚ್ಚುತ್ತದೆ ಎಂದು ನಾಸಾ ವಿಮಾನ ಚಾಲಕರ ಮೇಲೆ ನಡೆಸಿದ ಪ್ರಯೋಗದಲ್ಲಿ ಕಂಡುಕೊಂಡಿತು. ಚಾಲಕ ಮಲಗಿದ್ದಾಗ ವಿಮಾನ ನಡೆಸಲು ಪಕ್ಕದಲ್ಲಿ ಇನ್ನೊಬ್ಬನಿದ್ದ.

ಮಗುವಿಗೆ ಮಲಗುವುದನ್ನು ಕಲಿಸುವ ವಿಧಾನಗಳ ಜಗಳ ದೊಡ್ಡದು. ಬಾಸ್ಟನ್ನಿನ ರಿಚರ್ಡ್ ಫರ್ಬರ್ 1985ರಲ್ಲಿ, ಅಳುವ ಮಗುವನ್ನು ಸ್ವಲ್ಪ ಸ್ವಲ್ಪ ಹೆಚ್ಚು ಹೊತ್ತು ಬಿಟ್ಟು ಸಂತೈಸುವ ಕ್ರಮ ಬರೆದರು. ತಾಯಿಯ ಪಕ್ಕದಲ್ಲೇ ಮಗು ಮಲಗುವುದು ಸಹಜ ಎಂದು ಮಾನವಶಾಸ್ತ್ರಜ್ಞ ಜೇಮ್ಸ್ ಮೆಕೆನ್ನಾ ವಾದಿಸಿದರು. ಆಸ್ಟ್ರೇಲಿಯಾದಲ್ಲಿ ಮಲಗುವುದನ್ನು ಕಲಿಸಿದ ಮಕ್ಕಳನ್ನೂ ಕಲಿಸದ ಮಕ್ಕಳನ್ನೂ ಆರನೆಯ ವಯಸ್ಸಿನಲ್ಲಿ ನೋಡಿದಾಗ ಇಬ್ಬರಲ್ಲೂ ಏನೂ ವ್ಯತ್ಯಾಸ ಉಳಿದಿರಲಿಲ್ಲ ಎಂದು 2012ರ ವರದಿ ಹೇಳುತ್ತದೆ. ಹಾನಿಯೂ ಇಲ್ಲ, ದೀರ್ಘ ಲಾಭವೂ ಇಲ್ಲ. ಒಂದೇ ಕೋಣೆಯಲ್ಲಿ ಮನೆಮಂದಿಯೆಲ್ಲ ಚಾಪೆ ಹಾಸುವಲ್ಲಿ ಈ ಜಗಳಕ್ಕೆ ಜಾಗವೂ ಇಲ್ಲ.

ನಿದ್ದೆಯೇ ಬಾರದಿದ್ದರೆ

ಒಂದು ಗುರುತನ್ನು ಮನೆಯವರು ಕಡ್ಡಾಯವಾಗಿ ತಿಳಿದಿರಬೇಕು. ಕೂಸು ಮಲಗಿದೆ, ನೋಡಿಕೊಳ್ಳಲು ಜನರಿದ್ದಾರೆ, ಆದರೂ ಬಾಣಂತಿಗೆ ಕಣ್ಣು ಹತ್ತುವುದಿಲ್ಲ, ದಿನಗಟ್ಟಲೆ ಹೀಗೇ. ಇದು ಬರೀ ನಿದ್ದೆಗೇಡಲ್ಲ, ಕಾಯಿಲೆಯ ಸೂಚನೆ. ಭಾರತದ ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾದ ಅಂದಾಜಿನಂತೆ ನೂರಕ್ಕೆ 22 ತಾಯಂದಿರಲ್ಲಿ ಹೆರಿಗೆಯ ನಂತರದ ಖಿನ್ನತೆ ಕಾಣಿಸಿಕೊಳ್ಳುತ್ತದೆ. ಸಾವಿರಕ್ಕೆ ಒಬ್ಬಿಬ್ಬರಲ್ಲಿ ಅದಕ್ಕಿಂತ ತೀವ್ರವಾದ ಬಾಣಂತಿ ಸನ್ನಿ ಬರುತ್ತದೆ. ನಿದ್ದೆ ಬಾರದಿರುವುದು, ಅತಿಮಾತು, ವಿಪರೀತ ಅನುಮಾನ ಅದರ ಮೊದಲ ಲಕ್ಷಣಗಳು. ಗಾಳಿ ಸೋಕಿದೆ ಎಂದು ಮಂತ್ರ ಹಾಕಿಸುತ್ತ ಕಾಯುವ ಹೊತ್ತು ಅದಲ್ಲ. ಬೆಂಗಳೂರಿನ ನಿಮ್ಹಾನ್ಸ್ 2009ರಲ್ಲಿ ತಾಯಿ ಮತ್ತು ಮಗುವನ್ನು ಒಟ್ಟಿಗೇ ಇರಿಸಿಕೊಂಡು ಚಿಕಿತ್ಸೆ ನೀಡುವ ವಿಭಾಗ ತೆರೆಯಿತು. ದೇಶದಲ್ಲಿ ಅದು ಮೊದಲನೆಯದು. ಹಗಲು ರಾತ್ರಿ ಎನ್ನದೆ ಕನ್ನಡದಲ್ಲೇ ಮಾತಾಡಬಹುದಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416.

ಅಪ್ಪನ ಹದಿನೈದು ದಿನ

ತಾಯಿಯ ರಜೆಯನ್ನು ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿ 12 ವಾರಗಳಿಂದ 26 ವಾರಗಳಿಗೆ ಏರಿಸಿತು. ಸಂಘಟಿತ ವಲಯದ ಹೊರಗೆ ದುಡಿಯುವ ಬಹುಪಾಲು ಹೆಂಗಸರಿಗೆ ಅದು ತಲುಪುವುದಿಲ್ಲ ಎಂಬುದು ಬೇರೆ ಮಾತು. ಕರ್ನಾಟಕ ಸರ್ಕಾರ 2021ರಲ್ಲಿ ತನ್ನ ಮಹಿಳಾ ನೌಕರರಿಗೆ ಆರು ತಿಂಗಳ ಶಿಶುಪಾಲನಾ ರಜೆ ಕೊಟ್ಟಿತು. ಎರಡೂ ಒಳ್ಳೆಯ ಕೆಲಸಗಳೇ. ಆದರೆ ಎರಡರಲ್ಲೂ ರಾತ್ರಿ ಏಳುವವಳು ತಾಯಿ ಎಂದೇ ಎಣಿಕೆ. ಖಾಸಗಿ ಸಂಸ್ಥೆಗಳ ಅಪ್ಪಂದಿರಿಗೂ ರಜೆ ಬೇಕೆಂದು ಸಂಸದ ರಾಜೀವ್ ಸಾತವ್ 2017ರಲ್ಲಿ ಲೋಕಸಭೆಯಲ್ಲಿ ಖಾಸಗಿ ಮಸೂದೆ ಮಂಡಿಸಿದರು, ಅದು ಕಾಯ್ದೆಯಾಗಲಿಲ್ಲ. ಸ್ವೀಡನ್ನಿನಲ್ಲಿ ಒಂದು ಮಗುವಿಗೆ 480 ದಿನಗಳ ರಜೆಯಿದ್ದು, ತೊಂಬತ್ತು ತೊಂಬತ್ತು ದಿನ ಪ್ರತಿಯೊಬ್ಬರಿಗೂ ಮೀಸಲು. ಅಪ್ಪ ತೆಗೆದುಕೊಳ್ಳದಿದ್ದರೆ ಅವನ ಪಾಲು ಅಮ್ಮನಿಗೆ ಹೋಗುವುದಿಲ್ಲ, ವ್ಯರ್ಥವಾಗುತ್ತದೆ.

ಕೇಂದ್ರ ಸರ್ಕಾರಿ ನೌಕರರ ರಜೆ ನಿಯಮಗಳ 43-ಎ ಕಲಮಿನ ಪ್ರಕಾರ ಇಬ್ಬರಿಗಿಂತ ಕಡಿಮೆ ಮಕ್ಕಳಿರುವ ಪುರುಷ ನೌಕರನಿಗೆ ಹದಿನೈದು ದಿನ ಪಿತೃತ್ವ ರಜೆ ಸಿಗುತ್ತದೆ. ಸಾಮಾನ್ಯವಾಗಿ ಅದು ಆಸ್ಪತ್ರೆಯ ಓಡಾಟ, ನೆಂಟರನ್ನು ಬಸ್‌ಸ್ಟ್ಯಾಂಡಿಗೆ ಬಿಡುವುದು, ನಾಮಕರಣದ ಸಾಮಾನು, ಇಷ್ಟರಲ್ಲಿ ಖರ್ಚಾಗಿಬಿಡುತ್ತದೆ. ಆ ಹೊತ್ತಿಗೆ ತವರಿನಲ್ಲಿ ಕೂಸನ್ನು ಎತ್ತಿಕೊಳ್ಳಲು ನಾಲ್ಕು ಜನರಿರುತ್ತಾರೆ. ಹೆಂಡತಿ ಮಗು ಐದನೆಯ ತಿಂಗಳಿಗೆ ಮನೆಗೆ ಬಂದಾಗ, ನಿಜಕ್ಕೂ ಕೈ ಬೇಕಾದಾಗ, ರಜೆ ಮುಗಿದಿರುತ್ತದೆ. ಈ ರಜೆಯನ್ನು ಹೆರಿಗೆಗೆ ಹದಿನೈದು ದಿನ ಮೊದಲಿನಿಂದ ಹೆರಿಗೆಯಾಗಿ ಆರು ತಿಂಗಳು ತುಂಬುವವರೆಗೆ ಯಾವಾಗ ಬೇಕಾದರೂ ಹಾಕಬಹುದು ಎಂದು ಅದೇ ನಿಯಮ ಹೇಳುತ್ತದೆ. ತವರಿನಿಂದ ತಾಯಿ ಮಗು ಬರುವ ವಾರಕ್ಕೆ ಹೊಂದುವಂತೆ ಅರ್ಜಿಯಲ್ಲಿ ದಿನಾಂಕ ಬರೆದುಕೊಡಲು ಹೊಸ ಕಾಯ್ದೆಯೇನೂ ಬೇಕಿಲ್ಲ.